ಒಂದು ಕಟ್ಟಡ, ನಾಲ್ಕು ಫೈಲು: ಯಾವುದು ಎಲ್ಲಿ ಕಾಣಬೇಕು

ದೊಡ್ಡ ಆಸ್ಪತ್ರೆಯೊಂದರ ವಿನ್ಯಾಸ ಈಗ ಒಂದೇ ಫೈಲಿನಲ್ಲಿ ತಯಾರಾಗುವುದಿಲ್ಲ. ಗೋಡೆ, ಬಾಗಿಲು, ಕಿಟಕಿ, ಕೋಣೆಗಳ ಮಾಡೆಲ್ ಆರ್ಕಿಟೆಕ್ಟ್ ಕಚೇರಿಯದು. ಕಂಬ, ತೊಲೆ, ಸ್ಲ್ಯಾಬುಗಳದು ಸ್ಟ್ರಕ್ಚರಲ್ ಎಂಜಿನಿಯರರದು. ಹವಾನಿಯಂತ್ರಣದ ಡಕ್ಟು, ನೀರಿನ ಪೈಪು ಒಬ್ಬರ ಪಾಲಾದರೆ ದೀಪ, ಕೇಬಲ್ ಟ್ರೇ, ಪ್ಯಾನೆಲ್ ಬೋರ್ಡು ಇನ್ನೊಬ್ಬರ ಪಾಲು. ಎಲ್ಲವನ್ನೂ ಒಂದೇ ಫೈಲಿಗೆ ತುಂಬಿದರೆ ಅದು ತೆರೆಯುವ ಹೊತ್ತಿಗೆ ಕಾಫಿ ಕುಡಿದು ಬರಬಹುದು. ಅದಕ್ಕಿಂತ ಮುಖ್ಯ ಕಾರಣ ಜವಾಬ್ದಾರಿ. ಕಂಬದ ಅಳತೆಗೆ ಸಹಿ ಹಾಕುವವರು ಬೇರೆ, ಬಾಗಿಲಿನ ಅಳತೆಗೆ ಸಹಿ ಹಾಕುವವರು ಬೇರೆ. ಒಬ್ಬರ ಕಂಬವನ್ನು ಇನ್ನೊಬ್ಬರು ಕೈತಪ್ಪಿಯೂ ಸರಿಸುವಂತಿರಬಾರದು. ಆದ್ದರಿಂದ ಪ್ರತಿಯೊಂದು ತಂಡವೂ ತನ್ನ ಫೈಲಿನಲ್ಲಿ ಕೆಲಸ ಮಾಡಿಕೊಂಡು, ಉಳಿದವರ ಫೈಲುಗಳನ್ನು ತನ್ನದರೊಳಗೆ ಕೊಂಡಿ ಹಾಕಿ ನೋಡುತ್ತದೆ. ಇದನ್ನೇ ಲಿಂಕ್ ಮಾಡುವುದು ಎನ್ನುತ್ತಾರೆ.

ಲಿಂಕ್ ಎಂದರೆ ನಕಲಲ್ಲ, ಪಕ್ಕದ ಮನೆಯ ಕಡೆಗೆ ತೆರೆದ ಕಿಟಕಿ. ಆ ಕಡೆ ಕಂಬ ಇರುವುದು ಕಾಣುತ್ತದೆ, ಅದಕ್ಕೆ ಅಳತೆ ಹಿಡಿಯಬಹುದು, ಅದರ ಮೇಲೆ ಟ್ಯಾಗ್ ಅಂಟಿಸಬಹುದು. ಕಂಬವನ್ನು ಮಾತ್ರ ಅಲುಗಿಸಲಾಗದು. ಕಿಟಕಿಯಾಚೆಯ ನೋಟವೂ ಕ್ಷಣಕ್ಷಣಕ್ಕೆ ತಾನಾಗಿ ಬದಲಾಗುವುದಿಲ್ಲ. ಫೈಲನ್ನು ತೆರೆದಾಗ ಅಥವಾ ಲಿಂಕನ್ನು ರೀಲೋಡ್ ಮಾಡಿದಾಗ ಹೊಸ ಸ್ಥಿತಿ ಬರುತ್ತದೆ. ಒಳಗೆ ಬಂದ ಫೈಲಿಗೆ ಲಿಂಕ್ ಎಂದೂ ಅದನ್ನು ಕರೆಸಿಕೊಂಡದ್ದಕ್ಕೆ ಹೋಸ್ಟ್ ಎಂದೂ ಹೆಸರು. ಅತಿಥಿ ಮತ್ತು ಮನೆ ಎಂದಿಟ್ಟುಕೊಂಡರೆ ಮುಂದಿನದು ಸುಲಭ.

ಅತಿಥಿ ಮನೆಗೆ ಬಂದ ಕ್ಷಣದಲ್ಲೇ ತೊಂದರೆ ಶುರು. ನಾಲ್ಕು ಫೈಲುಗಳನ್ನು ಒಂದರ ಮೇಲೊಂದು ಕೂರಿಸಿದಾಗ ಎಲ್ಲವೂ ಒಟ್ಟಿಗೆ ಕಾಣತೊಡಗುತ್ತದೆ. ದೀಪಗಳ ನಕ್ಷೆಯ ಮೇಲೆ ಕುರ್ಚಿ, ಮಂಚ, ಕಮೋಡು. ತೊಲೆಗಳ ನಕ್ಷೆಯ ಮೇಲೆ ಬಾಗಿಲಿನ ಕಮಾನುಗೆರೆ. ಪರದೆಯ ಮೇಲೆ ಇದು ಗಲಿಬಿಲಿ ಅಷ್ಟೆ, ಅಚ್ಚಾಗಿ ಸೈಟಿಗೆ ಹೋದರೆ ತಪ್ಪು ಜಾಗದಲ್ಲಿ ತೂತು ಕೊರೆಯುವುದಕ್ಕೆ ಕಾರಣ. ಸೈಟಿನಲ್ಲಿರುವವರಿಗೆ ಮಾಡೆಲ್ ಕಾಣುವುದಿಲ್ಲ, ಹಾಳೆ ಕಾಣುತ್ತದೆ. ದೀಪ ಹಾಕುವವರ ಹಾಳೆಯಲ್ಲಿ ಗೋಡೆಗಳು ಇರಲೇಬೇಕು, ಆದರೆ ಮಸುಕಾಗಿರಬೇಕು. ಕುರ್ಚಿಗಳು ಇರಲೇಬಾರದು. ಈ ಬೇಕು-ಬೇಡಗಳನ್ನು ಹಾಳೆಹಾಳೆಗೂ ತೀರ್ಮಾನಿಸುವುದೇ ಲಿಂಕ್‌ಗಳ ಗೋಚರತೆಯ ನಿಯಂತ್ರಣ.

ಈ ಚಿಂತೆ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಟ್ರೇಸಿಂಗ್ ಹಾಳೆಗಳ ಕಾಲದಲ್ಲಿ ಗೋಡೆಯ ಹಾಳೆಯನ್ನು ಕೆಳಗಿಟ್ಟು ಅದರ ಮೇಲೆ ಪಾರದರ್ಶಕ ಹಾಳೆ ಹರಡಿ ಪೈಪು ಬರೆಯುತ್ತಿದ್ದರು. ಬೇಡವಾದ ಹಾಳೆಯನ್ನು ಎಳೆದು ತೆಗೆದರೆ ಆಯಿತು, ಅದು ಕಾಣುವುದು ನಿಲ್ಲುತ್ತಿತ್ತು. 1982ರಲ್ಲಿ ಬಂದ ಆಟೋಕ್ಯಾಡ್ ಎಂಬ ನಕ್ಷೆ ಬರೆಯುವ ಸಾಫ್ಟ್‌ವೇರ್ ಈ ಹಾಳೆಗಳಿಗೆ ಲೇಯರ್ ಎಂಬ ರೂಪ ಕೊಟ್ಟಿತು. 1990ರ ಹನ್ನೊಂದನೆಯ ಆವೃತ್ತಿಯಲ್ಲಿ ಎಕ್ಸ್‌ರೆಫ್ ಬಂದು, ಒಂದು ಡ್ರಾಯಿಂಗಿನೊಳಗೆ ಇನ್ನೊಂದನ್ನು ಕೊಂಡಿ ಹಾಕಿ ತೋರಿಸುವುದು ಸಾಧ್ಯವಾಯಿತು. ಹೊರಗಿನ ಫೈಲಿನ ಲೇಯರುಗಳನ್ನು ಒಳಗೆ ದೀಪದಂತೆ ಆರಿಸಿದರೆ ಆ ಆರಿಸುವಿಕೆ ನೆನಪಿನಲ್ಲಿ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸಲು ವಿಸ್‌ರಿಟೇನ್ ಎಂಬ ಒಂದು ಸ್ವಿಚ್ಚು ಅಲ್ಲಿ ಇವತ್ತಿಗೂ ಇದೆ. ಅದು ಸೊನ್ನೆಯಲ್ಲಿದ್ದರೆ, ಸಂಜೆ ಕಷ್ಟಪಟ್ಟು ಆರಿಸಿಟ್ಟ ಲೇಯರುಗಳೆಲ್ಲ ಬೆಳಿಗ್ಗೆ ಫೈಲು ತೆರೆದಾಗ ಮತ್ತೆ ಹಾಜರ್.

ಕಟ್ಟಡದ ಮಾಡೆಲ್ ಮಾಡುವ ರೆವಿಟ್ ಎಂಬ ಸಾಫ್ಟ್‌ವೇರ್ ಬೇರೆ ದಾರಿ ಹಿಡಿಯಿತು. 1997ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಲಿಯೊನಿಡ್ ರೈಜ್ ಮತ್ತು ಇರ್ವಿನ್ ಜುಂಗ್ರೈಸ್ ಚಾರ್ಲ್ಸ್ ರಿವರ್ ಸಾಫ್ಟ್‌ವೇರ್ ಎಂಬ ಸಂಸ್ಥೆ ಕಟ್ಟಿದರು. ಇಬ್ಬರೂ ಯಂತ್ರಭಾಗಗಳ ವಿನ್ಯಾಸದ ಸಾಫ್ಟ್‌ವೇರ್ ಮಾಡುತ್ತಿದ್ದ ಕಂಪನಿಯಿಂದ ಬಂದವರು. ಅವರ ರೆವಿಟ್‌ನ ಮೊದಲ ಆವೃತ್ತಿ 2000ದ ಏಪ್ರಿಲ್‌ನಲ್ಲಿ ಹೊರಬಂತು. 2002ರಲ್ಲಿ ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ ಅದನ್ನು 13.3 ಕೋಟಿ ಡಾಲರಿಗೆ ಕೊಂಡಿತು. ಬೆಂಗಳೂರಿನ ಎಂಜಿನಿಯರಿಂಗ್ ಕಚೇರಿಗಳಲ್ಲಿ ಕೂತು ಕೊಲ್ಲಿ ದೇಶಗಳ, ಬ್ರಿಟನ್ನಿನ, ಅಮೆರಿಕದ ಕಟ್ಟಡಗಳ ಮಾಡೆಲ್ ಮಾಡುವ ಕನ್ನಡದ ಹುಡುಗ ಹುಡುಗಿಯರು ದಿನವಿಡೀ ತೆರೆದಿಟ್ಟುಕೊಳ್ಳುವುದು ಬಹುಮಟ್ಟಿಗೆ ಇದನ್ನೇ.

ರೆವಿಟ್‌ನಲ್ಲಿ ಲೇಯರುಗಳಿಲ್ಲ, ಇರುವುದು ಕೆಟಗರಿ. ಗೋಡೆಯನ್ನು ಗೋಡೆಯ ಲೇಯರಿಗೆ ಹಾಕುವ ಪ್ರಶ್ನೆಯೇ ಇಲ್ಲ; ಗೋಡೆಯ ಸಾಧನದಿಂದ ಎಳೆದದ್ದು ಹುಟ್ಟುವಾಗಲೇ ಗೋಡೆ. ಬಾಗಿಲು, ಕಂಬ, ಪೈಪು, ಪೀಠೋಪಕರಣ ಎಲ್ಲಕ್ಕೂ ಹೀಗೇ ಗೊತ್ತಾದ ವರ್ಗವಿದೆ, ಹೊಸ ವರ್ಗವನ್ನು ಬಳಕೆದಾರರು ಹುಟ್ಟಿಸುವಂತಿಲ್ಲ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಇಲ್ಲಿ ಕಟ್ಟಡ ಒಂದೇ, ಅದನ್ನು ನೋಡುವ ಕಣ್ಣುಗಳು ನೂರಾರು. ನೆಲಮಹಡಿಯ ಪ್ಲಾನು, ಸೆಕ್ಷನ್ನು, ಛಾವಣಿಯ ನೋಟ, ತ್ರಿಆಯಾಮದ ಚಿತ್ರ ಪ್ರತಿಯೊಂದೂ ಒಂದು ವ್ಯೂ. ಯಾವುದು ಕಾಣಬೇಕು ಎಂಬ ತೀರ್ಮಾನ ಮಾಡೆಲ್‌ಗೆ ಸೇರಿದ್ದಲ್ಲ, ವ್ಯೂಗೆ ಸೇರಿದ್ದು. ಮೊದಲ ಮಹಡಿಯ ಪ್ಲಾನಿನಲ್ಲಿ ಕುರ್ಚಿ ಆರಿಸಿದರೆ ಎರಡನೇ ಮಹಡಿಯ ಪ್ಲಾನಿನಲ್ಲಿ ಅದು ಹಾಯಾಗಿ ಕೂತಿರುತ್ತದೆ. ಆಟೋಕ್ಯಾಡ್‌ನಿಂದ ಬಂದವರು ಮೊದಲ ತಿಂಗಳು ಮುಗ್ಗರಿಸುವುದೂ ಬೈಯುವುದೂ ಇಲ್ಲಿಯೇ.

ವ್ಯೂನ ಈ ತೀರ್ಮಾನಗಳೆಲ್ಲ ವಿಸಿಬಿಲಿಟಿ ಗ್ರಾಫಿಕ್ಸ್ ಎಂಬ ಒಂದು ಕಿಟಕಿಯಲ್ಲಿ ಸೇರಿಕೊಂಡಿವೆ. ಕೀಲಿಮಣೆಯಲ್ಲಿ ವಿ, ಜಿ ಎಂದು ಒತ್ತಿದರೆ ಅದು ತೆರೆಯುತ್ತದೆ. ಆದ್ದರಿಂದ ಕಚೇರಿಯ ಬಾಯಲ್ಲಿ ಅದರ ಹೆಸರು ಬರೀ ವಿಜಿ. "ವಿಜಿ ಹೊಡೆದು ನೋಡು" ಎಂಬುದು ಕಾಣದ ವಸ್ತುಗಳ ಬಗೆಗಿನ ಮೊದಲ ಸಲಹೆ. ಆ ಕಿಟಕಿಯ ತಲೆಯಲ್ಲಿ ಟ್ಯಾಬುಗಳು: ಮಾಡೆಲ್‌ನ ಕೆಟಗರಿಗಳು, ಬರಹ ಮತ್ತು ಗುರುತುಗಳ ಕೆಟಗರಿಗಳು, ಹೊರಗಿನಿಂದ ತಂದ ಕ್ಯಾಡ್ ಫೈಲುಗಳು, ಫಿಲ್ಟರುಗಳು. ಮಾಡೆಲ್‌ಗೆ ಲಿಂಕ್ ಬಂದ ಮೇಲೆ ಮಾತ್ರ ರೆವಿಟ್ ಲಿಂಕ್ಸ್ ಎಂಬ ಇನ್ನೊಂದು ಟ್ಯಾಬ್ ಕಾಣಿಸಿಕೊಳ್ಳುತ್ತದೆ.

ಆ ಟ್ಯಾಬಿನಲ್ಲಿ ಲಿಂಕ್ ಫೈಲುಗಳ ಹೆಸರುಗಳು ಸಾಲಾಗಿ ನಿಂತಿರುತ್ತವೆ. ಪ್ರತಿ ಹೆಸರಿನ ಹಿಂದೆ ಒಂದು ಗುರುತಿನ ಚೌಕ. ಅದನ್ನು ಅಳಿಸಿದರೆ ಆ ವ್ಯೂನಲ್ಲಿ ಇಡೀ ಫೈಲು ಮಾಯ. ಪಕ್ಕದ ಕಾಲಮ್ಮು ಹಾಫ್‌ಟೋನ್. ಇದಕ್ಕೆ ಗುರುತು ಹಾಕಿದರೆ ಲಿಂಕ್ ಪೂರ್ತಿ ಮಸುಕಾಗಿ ಹಿನ್ನೆಲೆಗೆ ಸರಿಯುತ್ತದೆ. ದೀಪದವರಿಗೆ, ಪೈಪಿನವರಿಗೆ ಆರ್ಕಿಟೆಕ್ಟರ ಗೋಡೆಗಳು ಬೇಕಾಗಿರುವುದು ಹೀಗೆಯೇ. ಮುಕ್ಕಾಲು ಪಾಲು ಹಾಳೆಗಳಿಗೆ ಈ ಎರಡು ಚೌಕಗಳೇ ಸಾಕು. ಉಳಿದ ಕಾಲು ಪಾಲಿನ ಕಥೆ ಕೊನೆಯ ಕಾಲಮ್ಮಿನಲ್ಲಿದೆ. ಅದರ ಹೆಸರು ಡಿಸ್‌ಪ್ಲೇ ಸೆಟಿಂಗ್ಸ್, ಅಲ್ಲಿ ಮೂರು ಆಯ್ಕೆಗಳು: ಬೈ ಹೋಸ್ಟ್ ವ್ಯೂ, ಬೈ ಲಿಂಕ್ಡ್ ವ್ಯೂ, ಕಸ್ಟಮ್.

ಬೈ ಹೋಸ್ಟ್ ವ್ಯೂ ಎಂದರೆ ಅತಿಥಿ ಮನೆಯ ಕಟ್ಟಳೆಗೆ ಒಪ್ಪಿಕೊಂಡಂತೆ. ಹೋಸ್ಟ್‌ನ ಪ್ಲಾನಿನಲ್ಲಿ ಪೀಠೋಪಕರಣ ಆರಿಸಿದ್ದರೆ ಲಿಂಕ್‌ನ ಪೀಠೋಪಕರಣವೂ ಆರುತ್ತದೆ. ಅಗ್ನಿನಿರೋಧಕ ಗೋಡೆಗಳಿಗೆ ಕೆಂಪು ಬಣ್ಣ ಹಚ್ಚುವ ಫಿಲ್ಟರ್ ಇದ್ದರೆ ಲಿಂಕ್‌ನ ಗೋಡೆಗಳಿಗೂ ಆ ಬಣ್ಣವೇ. ಹೊಸದಾಗಿ ಬಂದ ಯಾವ ಲಿಂಕೇ ಆಗಲಿ ಮೊದಲು ಇದೇ ಸ್ಥಿತಿಯಲ್ಲಿರುತ್ತದೆ. ಒಂದು ವಿಷಯದಲ್ಲಿ ಮಾತ್ರ ಅತಿಥಿ ಬರಿಗೈಯಲ್ಲಿ ಬರುತ್ತಾನೆ. ಲಿಂಕ್ ಫೈಲಿನಲ್ಲಿ ಬರೆದ ಅಳತೆಗೆರೆ, ಟಿಪ್ಪಣಿ, ಟ್ಯಾಗುಗಳು ಈ ಆಯ್ಕೆಯಲ್ಲಿ ಕಾಣುವುದಿಲ್ಲ, ಏಕೆಂದರೆ ಅವು ಆ ಫೈಲಿನ ಒಂದು ನಿರ್ದಿಷ್ಟ ವ್ಯೂಗೆ ಅಂಟಿಕೊಂಡವು, ಕಟ್ಟಡಕ್ಕಲ್ಲ. ಗ್ರಿಡ್ ಗೆರೆ ಮತ್ತು ಮಹಡಿಯ ಮಟ್ಟಗಳು ಹಾಗಲ್ಲ. ಅವು ಕಟ್ಟಡದ ಆಸ್ತಿ, ಆದ್ದರಿಂದ ಜೊತೆಯಲ್ಲೇ ಬರುತ್ತವೆ. ಅದರ ಪರಿಣಾಮವನ್ನು ಮುಂದೆ ನೋಡಬಹುದು.

ಬೈ ಲಿಂಕ್ಡ್ ವ್ಯೂ ಇದಕ್ಕೆ ತದ್ವಿರುದ್ಧ. ಲಿಂಕ್ ಫೈಲಿನೊಳಗಿನ ಒಂದು ವ್ಯೂವನ್ನು ಹೆಸರು ಹಿಡಿದು ಆಯ್ದುಕೊಂಡರೆ, ಅವರ ಕಚೇರಿಯಲ್ಲಿ ಅದು ಹೇಗೆ ಕಾಣುತ್ತಿತ್ತೋ ಹಾಗೆಯೇ ಇಲ್ಲಿ ಬಂದು ಕೂರುತ್ತದೆ. ಅವರ ಅಳತೆಗೆರೆ, ಅವರ ಟಿಪ್ಪಣಿ, ಅವರ ಗೆರೆದಪ್ಪ ಎಲ್ಲ. ಕೋಣೆಯ ಹೆಸರುಗಳನ್ನು ಆರ್ಕಿಟೆಕ್ಟ್ ಈಗಾಗಲೇ ಅಚ್ಚುಕಟ್ಟಾಗಿ ಕೂರಿಸಿದ್ದರೆ ಎಲೆಕ್ಟ್ರಿಕಲ್ ತಂಡ ಅದನ್ನು ಮತ್ತೆ ಮಾಡಬೇಕಾಗಿಲ್ಲ, ಆ ವ್ಯೂವನ್ನೇ ಎರವಲು ತರಬಹುದು. ಅನುಕೂಲದ ಜೊತೆಗೆ ಅಪಾಯವೂ ಬರುತ್ತದೆ. ಆರ್ಕಿಟೆಕ್ಟ್ ಕಚೇರಿಯ ಯಾರೋ ಒಬ್ಬರು ತಮ್ಮ ಅಗತ್ಯಕ್ಕೆ ಆ ವ್ಯೂನಲ್ಲಿ ಬಾಗಿಲುಗಳನ್ನು ಆರಿಸಿದರೆ, ಊರಾಚೆಯ ಇನ್ನೊಂದು ಕಚೇರಿಯ ಹಾಳೆಯಲ್ಲಿ ಬಾಗಿಲುಗಳು ಹೇಳದೆ ಕೇಳದೆ ಮಾಯವಾಗುತ್ತವೆ. ಆದಕಾರಣ ತಿಳಿದವರು ಲಿಂಕ್‌ಗೆಂದೇ ಬೇರೆ ವ್ಯೂಗಳನ್ನು ಮಾಡಿ, ಮುಟ್ಟಬಾರದು ಎಂದು ಹೆಸರಿನಲ್ಲೇ ಬರೆದಿಡುತ್ತಾರೆ.

ಕಸ್ಟಮ್ ಎಂಬುದು ಚೌಕಾಸಿ. ಇದಿಷ್ಟು ಮನೆಯ ಪದ್ಧತಿಯಂತೆ, ಇದಿಷ್ಟು ಅತಿಥಿಯ ಅಭ್ಯಾಸದಂತೆ, ಇದಿಷ್ಟು ಎರಡೂ ಅಲ್ಲದೆ ತನ್ನಿಚ್ಛೆಯಂತೆ ಎಂದು ಹಂಚಿಕೊಳ್ಳುವ ಅವಕಾಶ. ಇದರ ಅಗತ್ಯ ಎಲ್ಲರಿಗೂ ಮೊದಲು ಎದುರಾಗುವುದು ಗ್ರಿಡ್ ಗೆರೆಗಳಲ್ಲಿ.

ಗ್ರಿಡ್ ಎಂದರೆ ಕಂಬಗಳ ಜಾಗ ಹೇಳುವ ಅಡ್ಡ-ಉದ್ದ ಗೆರೆಗಳು, ತುದಿಯಲ್ಲಿ ಅಕ್ಷರ ಅಥವಾ ಅಂಕಿ ಇರುವ ದುಂಡು ಗುಳ್ಳೆ. ಆರ್ಕಿಟೆಕ್ಟರ ಫೈಲಿನಲ್ಲೂ ಅದೇ ಗ್ರಿಡ್, ಸ್ಟ್ರಕ್ಚರಲ್ ಫೈಲಿನಲ್ಲೂ ಅದೇ ಗ್ರಿಡ್. ಒಂದರಿಂದ ಇನ್ನೊಂದಕ್ಕೆ ಕಾಪಿ ಮಾನಿಟರ್ ಎಂಬ ಸಾಧನದಿಂದ ತಂದದ್ದಾದ್ದರಿಂದ ಎರಡೂ ಒಂದೇ ಜಾಗದಲ್ಲಿ ಇರುವುದೇ ಸರಿ. ಆದರೆ ಲಿಂಕ್ ಕೂರಿಸಿದ ಕೂಡಲೇ ಹಾಳೆಯ ಅಂಚಿನಲ್ಲಿ ಒಂದೊಂದು ಗುಳ್ಳೆಯೂ ಎರಡಾಗುತ್ತದೆ. ಹೋಸ್ಟ್‌ನ ಎ ಗುಳ್ಳೆ ಅಂದವಾಗಿ ಸಾಲಿನಲ್ಲಿ ನಿಂತಿದ್ದರೆ, ಲಿಂಕ್‌ನ ಎ ಗುಳ್ಳೆ ಒಂದು ಬೆರಳಗಲ ಮೇಲೆ, ಅರ್ಧ ಅದರ ಮೇಲೆಯೇ ಹತ್ತಿ ಕೂತಿರುತ್ತದೆ. ಎಳೆದು ಸರಿ ಮಾಡೋಣವೆಂದರೆ ಆಗದು, ಅತಿಥಿಯ ವಸ್ತು. ವಿಜಿಗೆ ಹೋಗಿ ಗ್ರಿಡ್ ಕೆಟಗರಿಯನ್ನೇ ಆರಿಸಿದರೆ ಎರಡೂ ಒಟ್ಟಿಗೆ ಹೋಗುತ್ತವೆ, ಏಕೆಂದರೆ ಲಿಂಕ್ ಇನ್ನೂ ಮನೆಯ ಮಾತು ಕೇಳುತ್ತಿದೆ.

ಪರಿಹಾರ ಇದು. ರೆವಿಟ್ ಲಿಂಕ್ಸ್ ಟ್ಯಾಬಿನಲ್ಲಿ ಸ್ಟ್ರಕ್ಚರಲ್ ಫೈಲಿನ ಎದುರು ಬೈ ಹೋಸ್ಟ್ ವ್ಯೂ ಎಂದಿರುವುದರ ಮೇಲೆ ಕ್ಲಿಕ್ ಮಾಡಿದರೆ ಇನ್ನೊಂದು ಕಿಟಕಿ ತೆರೆಯುತ್ತದೆ. ಅದರ ಮೊದಲ ಟ್ಯಾಬಿನಲ್ಲಿ ಕಸ್ಟಮ್ ಆಯ್ದುಕೊಳ್ಳಬೇಕು. ಹೊಸಬರು ಇಲ್ಲಿಗೆ ನಿಲ್ಲಿಸಿ, ಗುರುತುಗಳ ಟ್ಯಾಬಿಗೆ ಹೋಗಿ ನೋಡುತ್ತಾರೆ: ಎಲ್ಲ ಕೆಟಗರಿಗಳೂ ಬೂದು ಬಣ್ಣದಲ್ಲಿ ಕೈಕಟ್ಟಿ ಕೂತಿವೆ, ಒಂದೂ ಅಲುಗುವುದಿಲ್ಲ. ಸಾಫ್ಟ್‌ವೇರ್ ಕೆಟ್ಟಿದೆ ಎಂದುಕೊಂಡು ಎದ್ದುಹೋದವರೂ ಉಂಟು. ಕೆಟ್ಟಿಲ್ಲ. ಆ ಟ್ಯಾಬಿನ ತಲೆಯಲ್ಲೂ ಒಂದು ಚಿಕ್ಕ ಪಟ್ಟಿ ಇದೆ, ಅದರಲ್ಲೂ ಇನ್ನೂ ಬೈ ಹೋಸ್ಟ್ ವ್ಯೂ ಎಂದೇ ಇರುತ್ತದೆ. ಅದನ್ನೂ ಕಸ್ಟಮ್ ಮಾಡಬೇಕು. ಅಂದರೆ ಒಮ್ಮೆ ಇಡೀ ಲಿಂಕ್‌ಗೆ, ಮತ್ತೊಮ್ಮೆ ಆಯಾ ಟ್ಯಾಬಿಗೆ, ಎರಡೆರಡು ಸಲ ಹೇಳಬೇಕು. ಆಗ ಬೂದು ಹೋಗಿ ಚೌಕಗಳು ಜೀವ ತಾಳುತ್ತವೆ. ಗ್ರಿಡ್ ಮತ್ತು ಲೆವೆಲ್ ಎರಡರ ಗುರುತು ಅಳಿಸಿ ಓಕೆ ಒತ್ತಿದರೆ ಹಾಳೆಯಂಚಿನ ಜೋಡಿ ಗುಳ್ಳೆಗಳಲ್ಲಿ ಒಂದೊಂದು ಉಳಿಯುತ್ತದೆ, ಕಂಬ ತೊಲೆಗಳು ಇದ್ದಂತೆಯೇ ಇರುತ್ತವೆ.

ಒಂದೇ ಫೈಲನ್ನು ಹಲವು ಸಲ ಲಿಂಕ್ ಮಾಡುವುದೂ ಉಂಟು. ಬಡಾವಣೆಯೊಂದರಲ್ಲಿ ಒಂದೇ ನಮೂನೆಯ ಇಪ್ಪತ್ತು ಮನೆಗಳಿದ್ದರೆ ಮಾಡೆಲ್ ಮಾಡುವುದು ಒಂದೇ ಮನೆ, ಸೈಟ್ ಫೈಲಿನಲ್ಲಿ ಇಡುವುದು ಇಪ್ಪತ್ತು ಕಡೆ. ಲಿಂಕ್ಸ್ ಟ್ಯಾಬಿನಲ್ಲಿ ಫೈಲಿನ ಹೆಸರಿನ ಪಕ್ಕದ ಕೂಡಿಕೆ ಚಿಹ್ನೆ ಒತ್ತಿದರೆ ಇಪ್ಪತ್ತೂ ಪ್ರತಿಗಳು ಪಟ್ಟಿಯಾಗಿ ಬಿಚ್ಚಿಕೊಳ್ಳುತ್ತವೆ. ಹೆಸರಿನ ಮಟ್ಟದಲ್ಲಿ ಮಾಡಿದ್ದು ಎಲ್ಲಕ್ಕೂ, ಪ್ರತಿಯ ಮಟ್ಟದಲ್ಲಿ ಮಾಡಿದ್ದು ಅದೊಂದಕ್ಕೇ.

ಚೌಕಗಳೆಲ್ಲ ಸರಿಯಾಗಿದ್ದೂ ವಸ್ತು ಕಾಣದಿರುವುದಕ್ಕೆ ವ್ಯೂ ರೇಂಜ್ ಅತಿ ಸಾಮಾನ್ಯ ಕಾರಣ. ಪ್ಲಾನ್ ಎಂದರೆ ಕಟ್ಟಡವನ್ನು ನೆಲದಿಂದ ಗೊತ್ತಾದ ಎತ್ತರದಲ್ಲಿ ಅಡ್ಡ ಕೊಯ್ದು ಮೇಲಿನಿಂದ ನೋಡಿದ ಚಿತ್ರ. ರೆವಿಟ್‌ನ ಮೆಟ್ರಿಕ್ ಟೆಂಪ್ಲೇಟಿನಲ್ಲಿ ಆ ಕೊಯ್ತ 1200 ಮಿಲಿಮೀಟರ್ ಎತ್ತರದಲ್ಲಿರುತ್ತದೆ, ನೋಟದ ಕೆಳ ಅಂಚು ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಮೊದಲ ಮಹಡಿಯ ಶೌಚಾಲಯದ ಹೊರಹರಿವಿನ ಪೈಪು ಆ ಮಹಡಿಯ ಸ್ಲ್ಯಾಬಿನ ಕೆಳಗೆ ನೇತಾಡುತ್ತಿರುತ್ತದೆ. ಪ್ಲಂಬಿಂಗ್ ತಂಡದವರು ತಮ್ಮ ಪ್ಲಾನಿನ ನೋಟವನ್ನು ನೆಲಕ್ಕಿಂತ ಕೆಳಗೂ ಇಳಿಸಿಕೊಂಡಿರುವುದರಿಂದ ಅವರಿಗೆ ಪೈಪು ಕಾಣುತ್ತದೆ. ಅದೇ ಫೈಲು ಆರ್ಕಿಟೆಕ್ಟರ ಪ್ಲಾನಿಗೆ ಲಿಂಕ್ ಆಗಿ ಬಂದಾಗ ಕಮೋಡು ಕಾಣುತ್ತದೆ, ಪೈಪು ಇಲ್ಲ. ಒಬ್ಬರು ಪೈಪು ಇದೆ ಎನ್ನುತ್ತಾರೆ, ಇನ್ನೊಬ್ಬರು ಇಲ್ಲ ಎನ್ನುತ್ತಾರೆ, ಇಬ್ಬರೂ ತಮ್ಮ ತಮ್ಮ ಪರದೆ ತೋರಿಸುತ್ತಾರೆ, ಇಬ್ಬರದೂ ನಿಜ. ಕಸ್ಟಮ್ ಕಿಟಕಿಯ ಮೊದಲ ಟ್ಯಾಬಿನಲ್ಲಿ ಪ್ಲಂಬಿಂಗ್ ಪ್ಲಾನನ್ನು ಲಿಂಕ್ಡ್ ವ್ಯೂ ಎಂದು ಆಯ್ದುಕೊಂಡು, ವ್ಯೂ ರೇಂಜ್ ಒಂದನ್ನು ಮಾತ್ರ ಲಿಂಕ್‌ನದೇ ಇರಲಿ ಎಂದರೆ ಆರ್ಕಿಟೆಕ್ಟರ ಗೋಡೆಗಳ ಕೊಯ್ತ ಕದಲದೆ ಪೈಪು ಮೇಲೇಳುತ್ತದೆ.

ಡಿಸಿಪ್ಲಿನ್ ಎಂಬ ಇನ್ನೊಂದು ಗುಣ ವ್ಯೂಗಿದೆ. ಅದು ಸ್ಟ್ರಕ್ಚರಲ್ ಎಂದಿದ್ದರೆ ಭಾರ ಹೊರದ ಗೋಡೆಗಳು ತಾವಾಗಿ ಮರೆಯಾಗುತ್ತವೆ. ಲಿಂಕ್‌ನ ಗೋಡೆಗಳೂ ಇದಕ್ಕೆ ಹೊರತಲ್ಲ. ಮೆಕ್ಯಾನಿಕಲ್ ಎಂದಿದ್ದರೆ ಗೋಡೆ-ಕಂಬಗಳು ಮಸುಕಾಗಿ ಡಕ್ಟು ಮೇಲೆದ್ದು ಕಾಣುತ್ತದೆ. ಕೋಆರ್ಡಿನೇಷನ್ ಎಂದಿದ್ದರೆ ಎಲ್ಲವೂ ಹಾಜರ್. ಗೋಡೆಗಳು ಎಲ್ಲಿ ಹೋದವು ಎಂದು ವಿಜಿಯಲ್ಲಿ ಅರ್ಧ ಗಂಟೆ ಹುಡುಕಿದವರು ಕೊನೆಗೆ ಕಂಡುಕೊಳ್ಳುವುದು ಹೆಚ್ಚಾಗಿ ಇದನ್ನೇ.

ಹಳೆ ಕಟ್ಟಡಕ್ಕೆ ಹೊಸದನ್ನು ಜೋಡಿಸುವ ಕೆಲಸಗಳಲ್ಲಿ ಫೇಸ್ ಕೂಡ ಸೇರಿಕೊಳ್ಳುತ್ತದೆ. ಯಾವ ಗೋಡೆ ಈಗಾಗಲೇ ಇದೆ, ಯಾವುದನ್ನು ಕೆಡವಬೇಕು, ಯಾವುದನ್ನು ಹೊಸದಾಗಿ ಕಟ್ಟಬೇಕು ಎಂಬ ಕಾಲದ ಲೆಕ್ಕ ಅದು. ಹೋಸ್ಟ್‌ನ ಹಂತಗಳ ಹೆಸರು ಒಂದು, ಲಿಂಕ್‌ನದು ಇನ್ನೊಂದು ಆಗಿದ್ದರೆ ಕೆಡವಿದ ಗೋಡೆ ಹೊಸ ನಕ್ಷೆಯಲ್ಲಿ ಭೂತದಂತೆ ಎದ್ದು ನಿಲ್ಲಬಹುದು. ಲಿಂಕ್‌ನ ಟೈಪ್ ಗುಣಗಳಲ್ಲಿ ಫೇಸ್ ಮ್ಯಾಪಿಂಗ್ ಎಂಬಲ್ಲಿ ಯಾವ ಹಂತಕ್ಕೆ ಯಾವುದು ಸಮ ಎಂದು ಒಮ್ಮೆ ಹೇಳಿಬಿಟ್ಟರೆ ಈ ಕಾಟ ತಪ್ಪುತ್ತದೆ.

ವರ್ಕ್‌ಸೆಟ್‌ಗಳದು ಬೇರೆಯೇ ಬಗೆ. ಹಲವರು ಒಂದೇ ಫೈಲಿನಲ್ಲಿ ಕೆಲಸ ಮಾಡುವಾಗ ಮಾಡೆಲನ್ನು ಪಾಲು ಮಾಡಿಕೊಳ್ಳುವ ವ್ಯವಸ್ಥೆ ಇದು. ಹಂಚಿಕೊಳ್ಳಲು ಮಾಡಿದ್ದನ್ನು ಜನ ಆರಿಸಲು, ಹೊತ್ತಿಸಲು ಬಳಸತೊಡಗಿ ಈಗ ಅದೇ ರೂಢಿಯಾಗಿದೆ. ಲಿಂಕ್‌ನ ಯಾವುದಾದರೂ ವರ್ಕ್‌ಸೆಟ್‌ನ ಹೆಸರೂ ಹೋಸ್ಟ್‌ನ ವರ್ಕ್‌ಸೆಟ್‌ನ ಹೆಸರೂ ಅಕ್ಷರಶಃ ಒಂದೇ ಆಗಿದ್ದರೆ, ಬೈ ಹೋಸ್ಟ್ ವ್ಯೂನಲ್ಲಿ ಹೋಸ್ಟ್‌ನದನ್ನು ಆರಿಸಿದಾಗ ಲಿಂಕ್‌ನದೂ ಆರುತ್ತದೆ. ಗ್ರಿಡ್‌ಗಳು ಇರುವ ವರ್ಕ್‌ಸೆಟ್‌ಗೆ ಎಲ್ಲ ಫೈಲುಗಳಲ್ಲೂ ರೆವಿಟ್ ತಾನೇ ಒಂದೇ ಹೆಸರು ಇಡುವುದರಿಂದ ಎರಡೂ ಒಟ್ಟಿಗೆ ಮಾಯವಾಗುವ ಸೋಜಿಗಕ್ಕೆ ಕೆಲವೊಮ್ಮೆ ಇದೂ ಕಾರಣ. ಪ್ರತಿ ಲಿಂಕನ್ನೂ ಅದರದೇ ಒಂದು ವರ್ಕ್‌ಸೆಟ್‌ಗೆ ಹಾಕಿಡುವುದು ಒಳ್ಳೆಯ ಅಭ್ಯಾಸ. ಆಗ ಬೇಡದವರು ಫೈಲು ತೆರೆಯುವಾಗಲೇ ಅದನ್ನು ಮುಚ್ಚಿಡಬಹುದು, ಕಂಪ್ಯೂಟರಿನ ಮೆಮೊರಿಯೂ ಉಳಿಯುತ್ತದೆ.

ಅತಿಥಿ ತನ್ನ ಜೊತೆ ಇನ್ನೊಬ್ಬ ಅತಿಥಿಯನ್ನು ಕರೆತರಬಹುದೇ? ಸ್ಟ್ರಕ್ಚರಲ್ ಫೈಲಿನೊಳಗೆ ಆರ್ಕಿಟೆಕ್ಟರ ಫೈಲು ಲಿಂಕ್ ಆಗಿದೆ, ಆ ಸ್ಟ್ರಕ್ಚರಲ್ ಫೈಲನ್ನು ಈಗ ಎಲೆಕ್ಟ್ರಿಕಲ್‌ನವರು ಲಿಂಕ್ ಮಾಡುತ್ತಾರೆ ಎಂದುಕೊಳ್ಳಿ. ಒಳಗಿನ ಕೊಂಡಿ ಓವರ್‌ಲೇ ಆಗಿದ್ದರೆ ಆರ್ಕಿಟೆಕ್ಟರ ಫೈಲು ಹಿಂಬಾಲಿಸಿ ಬರುವುದಿಲ್ಲ. ಅಟ್ಯಾಚ್‌ಮೆಂಟ್ ಆಗಿದ್ದರೆ ಬರುತ್ತದೆ, ಆಗ ಆ ಫೈಲನ್ನು ನೇರವಾಗಿಯೂ ಲಿಂಕ್ ಮಾಡಿಕೊಂಡಿರುವ ಎಲೆಕ್ಟ್ರಿಕಲ್‌ನವರ ಪರದೆಯಲ್ಲಿ ಗೋಡೆಗಳು ಎರಡೆರಡು. ರೆವಿಟ್ ತಾನಾಗಿ ಓವರ್‌ಲೇಯನ್ನೇ ಆಯ್ದುಕೊಳ್ಳುತ್ತದೆ, ಮತ್ತು ಅದು ಒಳ್ಳೆಯದೇ. ಕ್ಯಾಂಪಸ್ಸಿನ ಒಟ್ಟು ಫೈಲಿಗೆ ಒಂದೊಂದು ಬ್ಲಾಕ್ ಸೇರಿಸುವಾಗ, ಬ್ಲಾಕಿನೊಳಗಿನ ಭಾಗಗಳೂ ಬರಲೇಬೇಕಾದಾಗ ಮಾತ್ರ ಅಟ್ಯಾಚ್‌ಮೆಂಟ್‌ಗೆ ಅರ್ಥವಿದೆ.

ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ ಎಂಬುದನ್ನು ಮರೆತವರು ಲೆಕ್ಕದಲ್ಲಿ ಎಡವುತ್ತಾರೆ. ಬಾಗಿಲುಗಳ ಷೆಡ್ಯೂಲಿನಲ್ಲಿ ಲಿಂಕ್‌ಗಳ ವಸ್ತುಗಳನ್ನೂ ಸೇರಿಸು ಎಂದು ಗುರುತು ಹಾಕಿದ್ದರೆ, ಪ್ಲಾನಿನಲ್ಲಿ ಆ ಲಿಂಕನ್ನು ಆರಿಸಿದ್ದರೂ ಅದರ ಬಾಗಿಲುಗಳು ಎಣಿಕೆಗೆ ಬರುತ್ತವೆ. ಲಿಂಕ್‌ಗೆ ರೂಮ್ ಬೌಂಡಿಂಗ್ ಎಂಬ ಗುಣ ಕೊಟ್ಟಿದ್ದರೆ, ಮರೆಯಾದ ಗೋಡೆಯೂ ಕೋಣೆಯ ಎಲ್ಲೆ ಕಾಯುತ್ತಲೇ ಇರುತ್ತದೆ. ಡಕ್ಟು ತೊಲೆಗೆ ಗುದ್ದುತ್ತದೆಯೇ ಎಂದು ನೋಡುವ ಇಂಟರ್‌ಫಿಯರೆನ್ಸ್ ಚೆಕ್ ಕೂಡ ಕಣ್ಣಿಗೆ ಕಾಣುವುದನ್ನು ಕೇಳಿ ಕೆಲಸ ಮಾಡುವುದಿಲ್ಲ. ಲಿಂಕನ್ನು ಅನ್‌ಲೋಡ್ ಮಾಡಿದರೆ ಮಾತ್ರ ಅದು ನಿಜಕ್ಕೂ ಮನೆಯಿಂದ ಹೊರಗೆ. ಆಗ ಎಣಿಕೆಯೂ ಕುಸಿಯುತ್ತದೆ, ಕೋಣೆಗಳ ಎಲ್ಲೆಯೂ ಒಡೆಯುತ್ತದೆ. ಎಲ್ಲರಿಗೂ ಅನ್‌ಲೋಡ್ ಮಾಡುವುದು, ತನ್ನೊಬ್ಬನಿಗೆ ಅನ್‌ಲೋಡ್ ಮಾಡುವುದು ಎಂಬ ಎರಡು ಬಟನ್ನುಗಳಲ್ಲಿ ತಪ್ಪಿದ್ದನ್ನು ಒತ್ತಿದವರಿಗೆ ಪಕ್ಕದ ಮೇಜುಗಳಿಂದ ಬೇಗನೆ ಸುದ್ದಿ ಮುಟ್ಟುತ್ತದೆ.

ಇನ್ನೂರು ಹಾಳೆಗಳ ಯೋಜನೆಯಲ್ಲಿ ವ್ಯೂ ವ್ಯೂಗೂ ಹೀಗೆ ವಿಜಿ ತೆರೆದು ಕೂರುವುದು ಆಗದ ಮಾತು. ಅದಕ್ಕೆ ವ್ಯೂ ಟೆಂಪ್ಲೇಟ್. ಒಂದು ಪ್ಲಾನಿನಲ್ಲಿ ಎಲ್ಲವನ್ನೂ ಸರಿಮಾಡಿ ಅದನ್ನು ಟೆಂಪ್ಲೇಟಾಗಿ ಉಳಿಸಿದರೆ ಉಳಿದ ಮಹಡಿಗಳಿಗೆಲ್ಲ ಅದನ್ನೇ ತೊಡಿಸಬಹುದು. ಟೆಂಪ್ಲೇಟಿನ ಸಾಲುಗಳಲ್ಲಿ ಲಿಂಕ್‌ಗಳಿಗೇ ಒಂದು ಸಾಲಿದೆ. ಅದರ ಗುರುತು ತೆಗೆದರೆ ಲಿಂಕ್‌ಗಳ ವಿಷಯ ಮಾತ್ರ ಆಯಾ ವ್ಯೂನ ಕೈಗೆ ಬರುತ್ತದೆ, ಗುರುತು ಇದ್ದರೆ ವ್ಯೂನ ವಿಜಿಯಲ್ಲಿ ಆ ಟ್ಯಾಬ್ ಬೂದಾಗಿ ಬೀಗ ಹಾಕಿಕೊಳ್ಳುತ್ತದೆ. ಹೊಸ ಲಿಂಕ್ ಬಂದಾಗ ಟೆಂಪ್ಲೇಟುಗಳಿಗೆ ಅದರ ಸುದ್ದಿ ಗೊತ್ತಿರುವುದಿಲ್ಲ. ಅದು ಎಲ್ಲ ಪ್ಲಾನುಗಳಲ್ಲೂ ಬೈ ಹೋಸ್ಟ್ ವ್ಯೂ ಆಗಿ ಧುತ್ತೆಂದು ಪ್ರತ್ಯಕ್ಷವಾಗುತ್ತದೆ. ಹಾಳೆಗಳನ್ನು ಕಳಿಸುವ ಹಿಂದಿನ ಸಂಜೆ ಹೊಸ ಲಿಂಕ್ ಸೇರಿಸಬಾರದು ಎಂಬ ಅಲಿಖಿತ ನಿಯಮ ಹುಟ್ಟಿದ್ದು ಹೀಗೆ.

ಇದಕ್ಕಿಂತ ದುಬಾರಿಯಾದ ತಪ್ಪು ಇನ್ನೊಂದಿದೆ. ಸ್ಟ್ರಕ್ಚರಲ್ ಕಚೇರಿ ಪ್ರತಿ ವಾರ ಫೈಲಿನ ಹೆಸರಿಗೆ ತಾರೀಖು ಸೇರಿಸಿ ಕಳಿಸುತ್ತದೆ ಎನ್ನೋಣ. ಹಳೆಯ ಲಿಂಕನ್ನು ಅಳಿಸಿ ಹೊಸ ಹೆಸರಿನದನ್ನು ಸೇರಿಸಿದರೆ ಪರದೆಯಲ್ಲಿ ಎಲ್ಲ ಸರಿಯಾಗಿಯೇ ಕಾಣಬಹುದು. ಆದರೆ ಮೊದಲು ಮಾಡಿಟ್ಟ ಕಸ್ಟಮ್‌ಗಳು, ಹಾಫ್‌ಟೋನ್‌ಗಳು, ಆರಿಸಿದ ಗ್ರಿಡ್‌ಗಳು ಎಲ್ಲವೂ ಹಳೆಯ ಲಿಂಕ್‌ನೊಂದಿಗೆ ಚಿತೆಯೇರಿರುತ್ತವೆ. ಆ ಲಿಂಕ್‌ಗೆ ಹಾಕಿದ ಟ್ಯಾಗು, ಅಳತೆಗಳದೂ ಅದೇ ಗತಿ. ಮ್ಯಾನೇಜ್ ಲಿಂಕ್ಸ್ ಕಿಟಕಿಯಲ್ಲಿ ರೀಲೋಡ್ ಫ್ರಮ್ ಎಂಬ ಬಟನ್ ಇರುವುದು ಇದಕ್ಕಾಗಿಯೇ. ಅದು ಹಳೆಯ ಲಿಂಕ್‌ನ ಗುರುತನ್ನು ಉಳಿಸಿಕೊಂಡು ಒಳಗಿನ ಸರಕನ್ನು ಮಾತ್ರ ಬದಲಿಸುತ್ತದೆ. ಹೆಸರಿನಲ್ಲಿ ತಾರೀಖೇ ಇಲ್ಲದಂತೆ, ಪ್ರತಿ ಸಲವೂ ಒಂದೇ ಹೆಸರಿನ ಫೈಲನ್ನು ಒಂದೇ ಫೋಲ್ಡರಿನಲ್ಲಿ ಇಡುವ ಒಪ್ಪಂದ ಮಾಡಿಕೊಂಡ ಕಚೇರಿಗಳು ಆ ಬಟನ್ನಿನ ತಂಟೆಯನ್ನೂ ತಪ್ಪಿಸಿಕೊಂಡಿವೆ.

ಬೇರೆ ಸಾಫ್ಟ್‌ವೇರ್‌ಗಳಲ್ಲಿ ದಾರಿ ಬೇರೆ. 1982ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಗ್ರಾಫಿಸಾಫ್ಟ್‌ನ ಆರ್ಕಿಕ್ಯಾಡ್ ಲೇಯರುಗಳನ್ನು ಬಿಟ್ಟಿಲ್ಲ. ಅಲ್ಲಿ ಹೊರಗಿನ ಫೈಲು ಹಾಟ್‌ಲಿಂಕ್ ಆಗಿ ಬರುತ್ತದೆ, ಅದಕ್ಕೆ ಒಂದು ಮಾಸ್ಟರ್ ಲೇಯರ್ ಇರುತ್ತದೆ, ಲೇಯರುಗಳ ಜೋಡಣೆಗಳಿಂದ ನೋಟ ಬದಲಾಗುತ್ತದೆ. 2007ರಲ್ಲಿ ಆಟೋಡೆಸ್ಕ್ ಕೊಂಡ ನ್ಯಾವಿಸ್‌ವರ್ಕ್ಸ್‌ನಲ್ಲಿ ಯಾವ ಫೈಲೂ ಹೋಸ್ಟ್ ಅಲ್ಲ, ಎಲ್ಲವೂ ಅತಿಥಿಗಳೇ. ಎಲ್ಲರ ಮಾಡೆಲ್‌ಗಳನ್ನೂ ಒಂದು ಛತ್ರದಲ್ಲಿ ಸೇರಿಸಿ, ಬೇಕಾದದ್ದನ್ನು ಹುಡುಕಿ ಗುಂಪು ಮಾಡಿ ತೋರಿಸುವುದು, ಮರೆಸುವುದು, ಡಿಕ್ಕಿ ನೋಡುವುದು ಅದರ ಕೆಲಸ. ನಕ್ಷೆ ಹಾಳೆ ತಯಾರಿಸುವ ಹೊರೆ ಅದಕ್ಕಿಲ್ಲದ್ದರಿಂದ ಈ ಸಂಕಟಗಳೂ ಕಡಿಮೆ.

ರೆವಿಟ್‌ನಲ್ಲಿ ಲಿಂಕ್‌ನ ವಸ್ತುವೊಂದು ಕಾಣದಾದಾಗ ನುರಿತವರು ಹುಡುಕುವ ಕ್ರಮ ಹೆಚ್ಚುಕಡಿಮೆ ಒಂದೇ. ಪರದೆಯ ಕೆಳಗಿನ ಬಲ್ಬಿನ ಚಿಹ್ನೆ ಒತ್ತುತ್ತಾರೆ. ವ್ಯೂವಿನ ಸುತ್ತ ಗಾಢ ಗುಲಾಬಿ ಚೌಕಟ್ಟು ಬಂದು, ಮರೆಸಿಟ್ಟ ವಸ್ತುಗಳು ಅದೇ ಬಣ್ಣದಲ್ಲಿ ಬಯಲಾಗುತ್ತವೆ. ಅಲ್ಲಿ ಕಂಡರೆ ಯಾರೋ ಕೈಯಾರೆ ಮರೆಸಿದ್ದಾರೆ ಅಥವಾ ಕೆಟಗರಿ ಆರಿದೆ ಎಂದರ್ಥ. ಅಲ್ಲೂ ಕಾಣದಿದ್ದರೆ ವ್ಯೂ ರೇಂಜ್, ಡಿಸಿಪ್ಲಿನ್, ಫೇಸ್ ನೋಡುತ್ತಾರೆ. ನಂತರ ಟೆಂಪ್ಲೇಟು, ನಂತರ ಮುಚ್ಚಿದ ವರ್ಕ್‌ಸೆಟ್. ಅದೂ ಅಲ್ಲವೆಂದರೆ ಏನನ್ನೂ ಆರಿಸದ ಹೊಸ ತ್ರಿಆಯಾಮದ ವ್ಯೂ ತೆರೆದು, ಡಿಸಿಪ್ಲಿನ್ ಕೋಆರ್ಡಿನೇಷನ್ ಮಾಡಿ ಒಂದು ಸುತ್ತು ತಿರುಗಿಸಿ ನೋಡುತ್ತಾರೆ. ಅಲ್ಲಿಯೂ ಆ ತೊಲೆ ಇಲ್ಲವೆಂದಾದರೆ ವಿಜಿಯನ್ನು ಬೈದು ಪ್ರಯೋಜನವಿಲ್ಲ. ಲಿಂಕ್ ಹಳೆಯದಾಗಿರುತ್ತದೆ, ಇಲ್ಲವೇ ಸ್ಟ್ರಕ್ಚರಲ್ ಕಚೇರಿಯವರು ಆ ತೊಲೆಯನ್ನು ಇನ್ನೂ ಎಳೆದಿರುವುದಿಲ್ಲ. ಫೋನ್ ಮಾಡಿ ಕೇಳಬೇಕು.